ಕೊಡವ ಒಕ್ಕದ (ಮನೆತನದ) ವಂಶವೃಕ್ಷಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು?

ಪ್ರಶ್ನೆ (ವಿರಾಜಪೇಟೆ): ಒಕ್ಕದ ಸುಮಾರು 400 ಜನರ ವಿವರ ಎಕ್ಸೆಲ್‌ನಲ್ಲಿದೆ. ಕನ್ನಡದಲ್ಲೇ ಇರಬೇಕು, ಮನೆಹೆಸರು ಮೊದಲು ಬರಬೇಕು, ನೆಟ್ ಇಲ್ಲದಿದ್ದರೂ ನಡೀಬೇಕು. ಮಕ್ಕಪರಿಜೆ (ಮಕ್ಕಳು ತಾಯಿಯ ಒಕ್ಕಕ್ಕೆ ಸೇರುವ) ಮದುವೆಗಳನ್ನು ಹೇಗೆ ತೋರಿಸೋದು?

ಉತ್ತರ 1: ಗ್ರಾಂಪ್ಸ್ (Gramps) ಅನ್ನೋ ವಂಶವೃಕ್ಷ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಉಚಿತ, ಡೇಟಾ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತೆ. ಪ್ರಿಫರೆನ್ಸಸ್‌ನಲ್ಲಿ ಹೆಸರಿನ ಫಾರ್ಮ್ಯಾಟ್ ಬದಲಿಸಿದರೆ ಮನೆಹೆಸರು ಮುಂದೆ ಬರುತ್ತೆ. ಅಲ್ಲೇ ಸರ್‌ನೇಮ್ ಗೆಸ್ಸಿಂಗ್ ಅನ್ನೋದನ್ನ 'ನನ್' (None) ಮಾಡಿ. ಇಲ್ಲಾಂದ್ರೆ ಮಗುವನ್ನು ಸೇರಿಸಿದ ಕೂಡಲೇ ತಂದೆಯ ಮನೆಹೆಸರು ತಾನೇ ತುಂಬಿಕೊಳ್ಳುತ್ತೆ. ಮಕ್ಕಪರಿಜೆಯಲ್ಲಿ ಮಕ್ಕಳು ತಾಯಿಯ ಒಕ್ಕದವರು, ಹಾಗಾಗಿ ಮುಂದಿನ ತಲೆಮಾರೆಲ್ಲ ತಪ್ಪು ಒಕ್ಕಕ್ಕೆ ಹೋಗುತ್ತೆ. ಮದುವೆಯ ಈವೆಂಟ್‌ನ ವಿವರಣೆಯಲ್ಲಿ 'ಮಕ್ಕಪರಿಜೆ' ಅಂತ ಬರೆದುಬಿಡಿ.

ಉತ್ತರ 2: ಎಕ್ಸೆಲ್‌ನಿಂದ ಗ್ರಾಂಪ್ಸ್‌ಗೆ ತರುವಾಗಲೇ ಹೆಚ್ಚಿನವರು ಎಡವೋದು. 'ಸಿಎಸ್‌ವಿ ಯುಟಿಎಫ್-8' ಅಂತಲೇ ಸೇವ್ ಮಾಡಿ, ಬರೀ ಸಿಎಸ್‌ವಿ ಆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಕಾಲಂ ತಲೆಬರಹ ಇಂಗ್ಲಿಷಿನಲ್ಲೇ ಇರಲಿ. ವ್ಯಕ್ತಿಗಳು, ಮದುವೆಗಳು, ಮಕ್ಕಳು, ಹೀಗೆ ಮೂರು ಭಾಗ ಮಾಡಿ, ನಡುವೆ ಒಂದು ಖಾಲಿ ಸಾಲು ಬಿಡಿ. 400 ಜನರನ್ನೂ ಒಟ್ಟಿಗೆ ಹಾಕಬೇಡಿ, ಮೊದಲು ಹತ್ತು ಜನರನ್ನು ಹಾಕಿ ನೋಡಿ.

ಉತ್ತರ 3: ಫೋಟೋ ವಿಷಯ: ಜೆಡ್‌ಕಾಮ್ (GEDCOM, ವಂಶವೃಕ್ಷ ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸುವ) ಫೈಲಿನಲ್ಲಿ ಚಿತ್ರದ ವಿಳಾಸ ಮಾತ್ರ ಹೋಗುತ್ತೆ, ಚಿತ್ರ ಹೋಗಲ್ಲ. ಐನ್‌ಮನೆಯ (ಒಕ್ಕದ ಮೂಲಮನೆಯ) ಫೋಟೋ, ಜಮ್ಮಾ (ಒಕ್ಕದ ಪಿತ್ರಾರ್ಜಿತ ಜಮೀನಿನ) ಪತ್ರದ ಸ್ಕ್ಯಾನ್ ಎಲ್ಲ ಉಳಿಯಬೇಕಾದರೆ ಗ್ರಾಂಪ್ಸ್‌ನ 'ಪ್ಯಾಕೇಜ್' ಆಗಿಯೇ ಬ್ಯಾಕಪ್ ತೆಗೆಯಿರಿ. ಇನ್ನೊಂದು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹಳಬರ ಹುಟ್ಟೂರಿಗೆ ಕರ್ನಾಟಕ ಅಂತ ಹಾಕದೆ, ಸ್ಥಳದ ಪುಟದಲ್ಲಿ ಹಳೇ ರಾಜ್ಯ, ಆಮೇಲಿನ ರಾಜ್ಯ ಎರಡೂ ದಿನಾಂಕ ಸಮೇತ ಕೊಡಿ.