ಸಹಾಯ ಬೇಕು: ಕೆಳದಿ ಚೆನ್ನಮ್ಮನ ವೆಬ್‌ಕಾಮಿಕ್‌ಗೆ ಗೊರಬಿನ ಫೋಟೋ

ಎಲ್ಲರಿಗೂ ನಮಸ್ಕಾರ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಳಲ್ವಾ, ಅದನ್ನೇ ವೆಬ್‌ಕಾಮಿಕ್ ಮಾಡುತ್ತಿದ್ದೇನೆ. ವಿವರ ಸಿಗಬಹುದು ಅಂತ ಒಂದು ದಪ್ಪ ಐತಿಹಾಸಿಕ ಕಾದಂಬರಿ ಓದಿದೆ, ಸುಮ್ನೆ ದುಡ್ಡು ದಂಡ. ಪುಟಪುಟಕ್ಕೂ ಕತ್ತಿ ಝಳಪಿಸುತ್ತಾರೆ, ಭಾಷಣ ಬಿಗಿಯುತ್ತಾರೆ, ಆದರೆ ಬಿದನೂರಿನಲ್ಲಿ ನಡೆಯೋ ಕಥೆಯಲ್ಲಿ ಒಂದು ಹನಿ ಮಳೆ ಇಲ್ಲ! (ಬಿದನೂರು ಅಂದರೆ ಈಗಿನ ಹೊಸನಗರ ತಾಲೂಕಿನ ನಗರ, ಮಳೆ ಜೋರಾಗಿ ಸುರಿಯೋ ಮಲೆನಾಡು. ಆ ಕಡೆಯವರು ಓದಿದರೆ ನಗುತ್ತಾರೆ.)

ನಾನು ಕಾವಲುಗಾರರಿಗೆ ಕಂಬಳಿ ಕೊಪ್ಪೆ (ತಲೆ ಮೇಲಿಂದ ಹೊದೆಯೋ ಮಡಚಿದ ಕಂಬಳಿ) ಹಾಕಿದ್ದೇನೆ, ನಾಟಿ ಮಾಡುವ ಹೆಂಗಸರಿಗೆ ಗೊರಬು (ತಲೆ, ಬೆನ್ನು ಮುಚ್ಚೋ ಹೆಣೆದ ಮಳೆ ಹೊದಿಕೆ). ಗೊರಬಿನ ಬೆನ್ನಿನ ಕಡೆ ಬರೆಯೋದು ಸುಲಭ, ಒಳಗೆ ಕಡ್ಡಿ ಹೇಗೆ ಹೆಣೆದಿರುತ್ತಾರೆ, ಬಗ್ಗಿದಾಗ ತಲೆ ಮೇಲೆ ಹೇಗೆ ನಿಲ್ಲುತ್ತದೆ ಅನ್ನೋದೇ ಗೊತ್ತಾಗುತ್ತಿಲ್ಲ. ಮನೆ ಅಟ್ಟದಲ್ಲಿ ಹಳೆಯದು ಇದ್ದವರು ಹತ್ತಿರದಿಂದ ಒಂದೆರಡು ಫೋಟೋ ಹಾಕುತ್ತೀರಾ?

ಹಾಗೇ, ಮಾತಿನ ಗುಳ್ಳೆಯಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ. ಗಿಡ್ಡ ಒತ್ತು ಇರುವ ಫಾಂಟ್ ಗೊತ್ತಿದ್ದರೆ ಹೇಳಿ.