ಐಟಿಐಗೆ ಅನುದಾನ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಪ್ರಭಾರ ಪ್ರಾಂಶುಪಾಲೆ, ಸರ್ಕಾರಿ ಐಟಿಐ

ನಮ್ಮದು ತಾಲ್ಲೂಕು ಕೇಂದ್ರದ ಐಟಿಐ. ಪ್ರಾಂಶುಪಾಲರು ನಿವೃತ್ತರಾದ ಮೇಲೆ ಚಾರ್ಜ್ ನನಗೆ ಬಂದಿದೆ. ಕೇಂದ್ರ ಪ್ರಾಯೋಜಿತ ಯೋಜನೆಯೊಂದರಲ್ಲಿ ಯಂತ್ರಗಳಿಗೆ ಮತ್ತು ತರಬೇತಿ ಖರ್ಚಿಗೆ ಹಣ ಮಂಜೂರಾಗಿದೆ. ಕಚೇರಿಯಲ್ಲಿ ಇರುವುದು ಒಬ್ಬರೇ ಎಸ್‌ಡಿಎ. ಐಎಂಸಿ (ಸಂಸ್ಥೆಯ ನಿರ್ವಹಣಾ ಸಮಿತಿ) ಸೊಸೈಟಿಯ ಹಳೇ ಲೆಕ್ಕವೂ ನನ್ನ ಟೇಬಲ್ ಮೇಲಿದೆ. ಮಾರ್ಚ್ ಒಳಗೆ ಖರ್ಚು ಮಾಡಿ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕೊಡಿ ಅಂತ ಫೋನ್ ಮೇಲೆ ಫೋನ್. ಇದನ್ನೆಲ್ಲ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಎಫ್‌ಡಿಎ, ಲೆಕ್ಕ ವಿಭಾಗ

ಮೇಡಂ, ಮೊದಲು ಮಂಜೂರಾತಿ ಆದೇಶದ ಪ್ರಿಂಟ್ ತೆಗೆದು ಕೊನೆಯ ಸಾಲಿನ ತನಕ ಓದಿ. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್‌ನಲ್ಲಿ ಮೊತ್ತ ನೋಡಿ ಬಿಟ್ಟುಬಿಡುತ್ತೇವೆ. ತಲೆನೋವೆಲ್ಲ ಹಿಂದಿನ ಪುಟದ ಷರತ್ತುಗಳಲ್ಲಿರುತ್ತದೆ. ಬಂಡವಾಳ ಆಸ್ತಿಗೆ ಎಷ್ಟು, ಸಾಮಾನ್ಯ ಖರ್ಚಿಗೆ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಲೇತ್ ಕೊಳ್ಳಲು ಬಂದ ದುಡ್ಡಲ್ಲಿ ವೆಲ್ಡಿಂಗ್ ರಾಡ್ ತಂದು, ‘ಎರಡೂ ಮಕ್ಕಳ ಕಲಿಕೆಗೇ ಅಲ್ವಾ’ ಅಂದರೆ ಆಡಿಟ್‌ನವರು ಕೇಳುವುದಿಲ್ಲ.

ಎರಡನೆಯದು ಖಾತೆ. 2021ರ ಜುಲೈಯಿಂದ ಕೇಂದ್ರ ಪ್ರಾಯೋಜಿತ ಯೋಜನೆಗಳಿಗೆ ಎಸ್‌ಎನ್‌ಎ (ಸಿಂಗಲ್ ನೋಡಲ್ ಏಜೆನ್ಸಿ) ಪದ್ಧತಿ ಬಂತು. ಒಂದು ಯೋಜನೆಗೆ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ. ನಮ್ಮ ಕೈಯಲ್ಲಿರುವುದು ಶೂನ್ಯ ಬ್ಯಾಲೆನ್ಸ್ ಖಾತೆ, ಅದಕ್ಕೊಂದು ಖರ್ಚಿನ ಮಿತಿ. ಪಾಸ್‌ಬುಕ್ ನೋಡಿ ದುಡ್ಡೇ ಬಂದಿಲ್ಲ ಅಂತ ಗಾಬರಿಯಾಗಬೇಡಿ. ಕೆಲವು ಯೋಜನೆಗಳು ಈಗ ಎಸ್‌ಎನ್‌ಎ-ಸ್ಪರ್ಶ್‌ಗೆ ಹೋಗಿವೆ. ಅಲ್ಲಂತೂ ಬಿಲ್ ತಯಾರಾದ ಮೇಲೇ ಹಣ. ನಿಮ್ಮದು ಯಾವುದರಲ್ಲಿದೆ ಅಂತ ಇವತ್ತೇ ಕೇಳಿಕೊಳ್ಳಿ.

ಪಿಎಫ್‌ಎಂಎಸ್‌ನಲ್ಲಿ (ಕೇಂದ್ರದ ಹಣ ಪಾವತಿ ಪೋರ್ಟಲ್) ಎಸ್‌ಡಿಎ ಮೇಕರ್, ಅಂದ್ರೆ ಪಾವತಿ ತಯಾರಿಸುವವರು; ನೀವು ಚೆಕರ್, ಅಂದ್ರೆ ನೋಡಿ ಒಪ್ಪುವವರು. ಇಬ್ಬರ ಪಾಸ್‌ವರ್ಡೂ ಒಂದೇ ಡೈರಿಯಲ್ಲಿ ಬರೆದಿಡುವ ಕಚೇರಿಗಳು ಎಷ್ಟೋ ಇವೆ. ನೀವು ಹಾಗೆ ಮಾಡಬೇಡಿ. ಹಳೇ ಪ್ರಾಂಶುಪಾಲರ ಡಿಎಸ್‌ಸಿ (ಡಿಜಿಟಲ್ ಸಹಿ), ಮೊಬೈಲ್ ನಂಬರ್ ಇನ್ನೂ ಅಲ್ಲೇ ಇದೆಯಾ ನೋಡಿ. ಮಾರ್ಚ್ ಕೊನೇ ವಾರ ಒಟಿಪಿ ಅವರ ಫೋನಿಗೆ ಹೋಗಿ, ಅವರು ಮೊಮ್ಮಗಳ ನಾಮಕರಣದಲ್ಲಿದ್ದರೆ ಕಥೆ ಮುಗಿಯಿತು.

ಜೆಟಿಓ (ಕಿರಿಯ ತರಬೇತಿ ಅಧಿಕಾರಿ), ಮೆಕ್ಯಾನಿಸ್ಟ್ ವಿಭಾಗ

ಲೆಕ್ಕದ ಮಾತು ಅವರು ಹೇಳಿದರು. ನಾನು ಯಂತ್ರದ ಕಡೆಯಿಂದ ಹೇಳುತ್ತೇನೆ, ಯಾಕಂದ್ರೆ ಅನುದಾನ ಹಾಳಾಗುವುದು ಜಾಸ್ತಿ ಇಲ್ಲೇ.

ನಾನು ಮೊದಲು ಇದ್ದ ಒಂದು ಸಂಸ್ಥೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಬಂತು. ಕ್ರೇನ್ ತಂದು ಇಳಿಸಿದರು, ಫೋಟೋ ತೆಗೆದರು, ಹಾರವನ್ನೂ ಹಾಕಿದರು. ಆಮೇಲೆ ನೋಡಿದರೆ ವರ್ಕ್‌ಶಾಪಿಗೆ ಮಂಜೂರಾದ ಕರೆಂಟ್ ಲೋಡ್ ಸಾಲದು. ಹೆಚ್ಚುವರಿ ಲೋಡಿಗೆ ಅರ್ಜಿ, ಠೇವಣಿ, ಹೊಸ ಕೇಬಲ್ ಎಲ್ಲಾ ಬೇಕು. ಆ ಖರ್ಚಿಗೆ ಅಂದಾಜಿನಲ್ಲಿ ಒಂದು ರೂಪಾಯಿ ಇಟ್ಟಿರಲಿಲ್ಲ. ಯಂತ್ರ ಮರದ ಪೆಟ್ಟಿಗೆಯಲ್ಲೇ ಮಳೆಗಾಲ ಕಳೆಯಿತು. ಬಿಚ್ಚುವಾಗ ಸ್ಲೈಡ್ ಮೇಲೆ ತುಕ್ಕು, ವೈರ್ ಇಲಿಯ ಪಾಲು. ವಾರಂಟಿ ಅವಧಿ ಸರಬರಾಜಾದ ದಿನದಿಂದಲೇ ಓಡುತ್ತಿತ್ತು. ಆಡಿಟ್‌ನಲ್ಲಿ ‘ನಿಷ್ಫಲ ವೆಚ್ಚ’ ಅಂತ ಪ್ಯಾರಾ ಬಿತ್ತು.

ಅದಕ್ಕೇ ಇಂಡೆಂಟ್ (ಖರೀದಿ ಬೇಡಿಕೆ ಪಟ್ಟಿ) ಹಾಕುವ ಮೊದಲು ಆ ಟ್ರೇಡಿನ ಜೆಟಿಓ ಜೊತೆ ವರ್ಕ್‌ಶಾಪಿಗೆ ಹೋಗಿ ನಿಲ್ಲಿ. ಯಂತ್ರ ಎಲ್ಲಿ ಕೂರುತ್ತದೆ, ಬಾಗಿಲಲ್ಲಿ ಹಿಡಿಸುತ್ತದಾ, ಫೌಂಡೇಶನ್, ಅರ್ಥಿಂಗ್, ಸ್ಟೆಬಿಲೈಜರ್ ಯಾವ ಲೆಕ್ಕದಲ್ಲಿ, ಎಲ್ಲಾ ಅಲ್ಲೇ ಬರೆದುಕೊಳ್ಳಿ. ಖರೀದಿ ಆದೇಶದಲ್ಲಿ ವಾರಂಟಿ ‘ಅಳವಡಿಸಿ ಚಾಲನೆ ಕೊಟ್ಟ ದಿನದಿಂದ’ ಅಂತ ಸೇರಿಸಿ. ಕೊನೆಯ ಕಂತನ್ನೂ ಅದಕ್ಕೇ ಕಟ್ಟಿಹಾಕಿ. ಇನ್‌ಸ್ಟಲೇಶನ್ ವರದಿಗೆ ಯಂತ್ರ ನಡೆಸುವವನೇ ಸಹಿ ಹಾಕಬೇಕು. ಸುಮ್ನೆ ಪ್ರಾಂಶುಪಾಲರ ಸೀಲ್ ಒತ್ತಿದರೆ ನಾಳೆ ಉತ್ತರ ಕೊಡುವವರೂ ನೀವೇ.

ಯಂತ್ರದ ಮೇಲೆ ಯೋಜನೆ ಹೆಸರು, ವರ್ಷ, ಸ್ಟಾಕ್ ಬುಕ್ ನಂಬರ್ ಪೇಂಟ್‌ನಲ್ಲಿ ಬರೆಸಿ. ಸ್ಟಿಕ್ಕರ್ ಬೇಡ, ಎಣ್ಣೆ ತಾಗಿ ಉದುರುತ್ತದೆ.

ನಿವೃತ್ತ ಪ್ರಾಂಶುಪಾಲ

ಐಎಂಸಿ ಲೆಕ್ಕ ಅಂದಿರಿ ನೋಡಿ, ಅಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಸಂಸ್ಥೆ 2007-08ರಲ್ಲಿ ಶುರುವಾದ ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಯೋಜನೆಯ 1,396 ಐಟಿಐಗಳಲ್ಲಿ ಒಂದಾದರೆ, ಆಗ ಬಂದ ಹಣ ಅನುದಾನ ಅಲ್ಲ, ಬಡ್ಡಿಯಿಲ್ಲದ ಸಾಲ. ಗರಿಷ್ಠ 2.5 ಕೋಟಿ. ಮೊದಲ 10 ವರ್ಷ ಕಟ್ಟುವಂತಿಲ್ಲ, ಆಮೇಲೆ 20 ಸಮ ವಾರ್ಷಿಕ ಕಂತು. ಪೂರ್ತಿ ಮೊತ್ತ ಪಡೆದಿದ್ದರೆ ವರ್ಷಕ್ಕೆ 12.5 ಲಕ್ಷ. ಸಾಲ ಪಡೆದ ಕಾಲದಲ್ಲಿದ್ದವರೆಲ್ಲ ನಿವೃತ್ತರಾಗಿದ್ದಾರೆ, ಫೈಲ್ ಮಾತ್ರ ಉಳಿದಿದೆ. ಎಫ್‌ಡಿ ಎಷ್ಟಿದೆ, ಯಾವಾಗ ನವೀಕರಣ, ಎಷ್ಟು ಕಂತು ಕಟ್ಟಿದ್ದಾರೆ ಅಂತ ಬ್ಯಾಂಕಿನಿಂದ ಲಿಖಿತವಾಗಿ ತರಿಸಿ, ಚಾರ್ಜ್ ವಹಿಸಿಕೊಂಡ ಪಟ್ಟಿಗೆ ಸೇರಿಸಿ. ಹೊಸ ಅನುದಾನವನ್ನು ಆ ಖಾತೆಯ ಹತ್ತಿರ ಸುಳಿಯಲು ಬಿಡಬೇಡಿ. ‘ಎರಡು ದಿನದ ಮಟ್ಟಿಗೆ ಅಡ್ಜಸ್ಟ್ ಮಾಡೋಣ’ ಅನ್ನುವವರು ಬಂದೇ ಬರುತ್ತಾರೆ.

ಐಎಂಸಿಯಲ್ಲಿ ಅಧ್ಯಕ್ಷರು ಉದ್ಯಮದವರು, ಸದಸ್ಯ ಕಾರ್ಯದರ್ಶಿ ಪ್ರಾಂಶುಪಾಲರು. ಅವರನ್ನು ಬರೀ ನಡಾವಳಿಗೆ ಸಹಿ ಹಾಕಿಸಲು ಕರೆಯಬೇಡಿ. ಯಾವ ಮಾಡೆಲ್ ಕೊಂಡರೆ ಸರ್ವಿಸ್ ಸಿಗುತ್ತದೆ ಅನ್ನುವುದು ಕ್ಯಾಟಲಾಗ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಖರೀದಿ ಬಗ್ಗೆ ಒಂದೇ ಮಾತು. ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯ ಟೆಂಡರ್‌ಗೆ ರಾಜ್ಯದ ಕಾನೂನು) ತಪ್ಪಿಸಲು ಒಂದು ಇಂಡೆಂಟನ್ನು ನಾಲ್ಕು ಬಿಲ್ ಮಾಡಿಸಬೇಡಿ. ಮೂರು ಕೊಟೇಷನ್ನಿನಲ್ಲೂ ‘ಸ್ಪ್ಯಾನರ್’ ಅನ್ನುವುದು ಒಂದೇ ರೀತಿ ತಪ್ಪಾಗಿದ್ದರೆ ಅವು ಒಂದೇ ಅಂಗಡಿಯಲ್ಲಿ ಟೈಪ್ ಆದವು ಅಂತ ಆಡಿಟರ್‌ಗೆ ತಿಳಿಯದೇ ಇರುತ್ತದಾ?

ಲೆಕ್ಕಪರಿಶೋಧಕ, ಸೊಸೈಟಿಗಳ ಆಡಿಟ್ ಮಾಡುವವನು

ಯುಸಿ ಬಗ್ಗೆ ಚಿಕ್ಕದಾಗಿ. ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 2017ರಲ್ಲಿ ಅನುದಾನ ಪಡೆದ ಸಂಸ್ಥೆಗಳಿಗೆ 12-ಎ ನಮೂನೆ, ರಾಜ್ಯ ಸರ್ಕಾರ ಕೊಡುವುದಕ್ಕೆ 12-ಸಿ. ಸೊಸೈಟಿಗೆ ಬಂದ ಹಣವೋ, ಇಲಾಖೆಗೆ ಬಂದದ್ದೋ ನೋಡಿಕೊಂಡು ನಮೂನೆ ಹಿಡಿಯಿರಿ. ಕೊಟ್ಟ ಮುಂಗಡ ಖರ್ಚಲ್ಲ. ಎಫ್‌ಡಿ ಖರ್ಚಲ್ಲ. ಆರ್ಡರ್ ಕೊಟ್ಟದ್ದೂ ಖರ್ಚಲ್ಲ. ಅನುದಾನದ ಮೇಲೆ ಬಡ್ಡಿ ಬಂದಿದ್ದರೆ ಅದು ಸರ್ಕಾರದ್ದು, ವಾಪಸ್ ಕಟ್ಟಬೇಕು. ಆ ಹಣದಲ್ಲಿ ಕೊಂಡ ಯಂತ್ರವನ್ನು ಮಂಜೂರು ಮಾಡಿದವರ ಅನುಮತಿ ಇಲ್ಲದೆ ಮಾರುವಂತಿಲ್ಲ, ಗುಜರಿಗೂ ಹಾಕುವಂತಿಲ್ಲ.

ಇನ್ನೊಂದು, 2.5 ಲಕ್ಷ ಮೀರಿದ ಗುತ್ತಿಗೆಗೆ ಶೇ. 2 ಜಿಎಸ್‌ಟಿ ಟಿಡಿಎಸ್ ಮುರಿದುಕೊಂಡು ಮುಂದಿನ ತಿಂಗಳ 10ರೊಳಗೆ ಕಟ್ಟಬೇಕು. ತಡವಾದರೆ ಬೀಳುವ ಬಡ್ಡಿ, ದಂಡವನ್ನು ಅನುದಾನದ ಲೆಕ್ಕಕ್ಕೆ ಹಾಕಿದರೆ ನಾವು ಒಪ್ಪುವುದಿಲ್ಲ.

ಪ್ರಭಾರ ಪ್ರಾಂಶುಪಾಲೆ

ತುಂಬಾ ಉಪಕಾರವಾಯಿತು. ಆದೇಶದ ಹಿಂದಿನ ಪುಟ ಈಗ ಓದಿದೆ, ನಿಜವಾಗಿಯೂ ಬೇರೆ ಬೇರೆಯೇ ಇದೆ. ಒಂದು ಅನುಮಾನ. ಟೆಂಡರ್ ಮುಗಿದು ಯಂತ್ರ ಬರುವುದು ಏಪ್ರಿಲ್ ಆಗಬಹುದು. ಸರಬರಾಜುದಾರರು, ಈಗಲೇ ಬಿಲ್ ಕೊಡುತ್ತೇವೆ, ಡಿಡಿ ತೆಗೆದು ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ ಅಂತಿದ್ದಾರೆ. ಹಿಂದೆ ಹಾಗೇ ನಡೆಯುತ್ತಿತ್ತಂತೆ.

ಎಫ್‌ಡಿಎ, ಲೆಕ್ಕ ವಿಭಾಗ

ಬೇಡವೇ ಬೇಡ ಮೇಡಂ. ಬಾರದ ಯಂತ್ರಕ್ಕೆ ಸ್ಟಾಕ್ ಬುಕ್ಕಿನಲ್ಲಿ ಎಂಟ್ರಿ ಹಾಕದೆ ಬಿಲ್ ಪಾಸಾಗುವುದಿಲ್ಲ, ಹಾಕಿದರೆ ಅದು ಸುಳ್ಳು ದಾಖಲೆ. ಸಹಿ ನಿಮ್ಮದು, ಸರಬರಾಜುದಾರರದಲ್ಲ.

ಫೆಬ್ರವರಿಯಲ್ಲೇ ಇಲಾಖೆಗೆ ಪತ್ರ ಬರೆಯಿರಿ. ಟೆಂಡರ್ ಪ್ರಕಟವಾದ ದಿನಾಂಕ, ಈಗ ಯಾವ ಹಂತ, ಎಷ್ಟು ಮೊತ್ತ ಈ ವರ್ಷ ಖರ್ಚಾಗುವುದಿಲ್ಲ, ಅದನ್ನು ಮುಂದಿನ ವರ್ಷ ಮತ್ತೆ ಕೊಡಿ ಅನ್ನುವ ಕೋರಿಕೆ, ಇಷ್ಟಿದ್ದರೆ ಸಾಕು. ಇಮೇಲ್ ಮಾಡಿ, ಟಪಾಲಿನಲ್ಲೂ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಅಷ್ಟರಲ್ಲಿ ಸಾಮಾನ್ಯ ಖರ್ಚಿನ ಭಾಗವನ್ನು ಮುಗಿಸಿ. ಕಚ್ಚಾ ಸಾಮಗ್ರಿ, ಹ್ಯಾಂಡ್ ಟೂಲ್ಸ್‌ನಲ್ಲಿ ಯಾವುದು ಈ ಲೆಕ್ಕಕ್ಕೆ ಬರುತ್ತದೆ ಅಂತ ಆದೇಶದಲ್ಲಿ ನೋಡಿಕೊಂಡು ಟ್ರೇಡ್‌ವಾರು ಇಂಡೆಂಟ್ ತೆಗೆದುಕೊಳ್ಳಿ. ನಿಮ್ಮ ಎಸ್‌ಡಿಎಗೆ ಪಿಎಫ್‌ಎಂಎಸ್ ಹೊಸದಾದರೆ ನನ್ನ ಹತ್ತಿರ ಸ್ಕ್ರೀನ್‌ಶಾಟ್ ಸಮೇತ ಬರೆದಿಟ್ಟ ಟಿಪ್ಪಣಿ ಇದೆ, ಕಳಿಸುತ್ತೇನೆ.