ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆಯೇ?

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಒಂದು ಮುಸುವ ಸತ್ತು ಬಿದ್ದಿದೆ. ದರಗು ತರಲು ಆ ಕಡೆ ಹೋಗಿದ್ದ ಕೆಲಸದವರೊಬ್ಬರಿಗೆ ಈಗ ಜ್ವರ ಬಂದಿದ್ದು, ಅವರ ಮನೆಯವರಿಗೂ ಅಂಟಬಹುದೇ ಎಂಬ ಆತಂಕ ನಮ್ಮದು.

ಉತ್ತರ 1: ಅಂಟುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಮುಖ್ಯವಾಗಿ ಉಣುಗಿನ ಕಡಿತದಿಂದ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯೊಳಗೆ ಸೇರಿಕೊಳ್ಳುವುದರಿಂದ ಆ ಜಾಗವೇ ಅಪಾಯದ್ದಾಗುತ್ತದೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಜ್ವರ ಬಂದವರ ರಕ್ತಪರೀಕ್ಷೆ ಇಂದೇ ಆಗಲಿ.

ಉತ್ತರ 2: ಹೆಸರು ಕೆಟ್ಟದ್ದು ಮಂಗನದು, ಪಾಪ, ಅದೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ಮೇಯಲು ಹೋದ ದನಗಳು ತಾವು ಕಾಯಿಲೆ ಬೀಳದಿದ್ದರೂ ಉಣುಗನ್ನು ಕೊಟ್ಟಿಗೆಯವರೆಗೆ ಹೊತ್ತು ತರಬಲ್ಲವಾದ್ದರಿಂದ ಅವುಗಳ ಮೈಯನ್ನೂ ನೋಡಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂದು ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿದೆ. ಆದರೂ ಪರೀಕ್ಷೆ ಬೇಕೇ?

ಉತ್ತರ 1: ಖಂಡಿತ ಬೇಕು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮರುಕಳಿಸಿ, ಆಗ ತೀವ್ರ ತಲೆನೋವು, ನಡುಕ, ಮಂಪರು ಕಾಣಿಸಿಕೊಳ್ಳುವುದುಂಟು.